ಬರಿಗಾಲಿನವರು ಯಾಕೆ ಓಡಿಹೋಗಲಿಲ್ಲ?

ಕಲಬುರಗಿಯವನು ಚಳಿಯ ಬಗ್ಗೆ ಬರೆಯಲು ಕೂತರೆ ನಗುವವರೇ ಜಾಸ್ತಿ. ನಮ್ಮದು ಬಿಸಿಲಿನ ಊರು. ಮೇ ತಿಂಗಳಲ್ಲಿ 43 ಡಿಗ್ರಿ ಅಂದರೆ ಇಲ್ಲಿ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಚಳಿ ಬೇಕಾದರೆ ಬೀದರ್‌ಗೆ ಹೋಗಿ ಅನ್ನುತ್ತೇವೆ. ನಮ್ಮ ಪಾಲಿಗೆ ಚಳಿ ಅಂದರೆ ಎಳ್ಳಮಾವಾಸ್ಯೆಯ ಹಿಂದುಮುಂದಿನ ಕೆಲವು ವಾರ ಅಷ್ಟೇ. ಕೌದಿ ಹೊರಗೆ ಬರುತ್ತದೆ, ಹಿರಿಯರ ತಲೆಗೆ ಮಂಕಿ ಕ್ಯಾಪ್ ಏರುತ್ತದೆ, ಸಜ್ಜಿ ರೊಟ್ಟಿಗೆ ರುಚಿ ಬರುತ್ತದೆ. ಹತ್ತು ಗಂಟೆಗೆ ಬಿಸಿಲು ಚುರುಕಾದರೆ ಎಲ್ಲ ಮರೆತೇ ಹೋಗುತ್ತದೆ.

ಇಂಥ ಊರಿನ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಾನು ಇತಿಹಾಸ ಹೇಳಿಕೊಡುತ್ತೇನೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಹಟ ಹಿಡಿದು ಬಂದ ಹುಡುಗ ಹುಡುಗಿಯರು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಅವರಿಗೆ ಒಂದೆರಡು ಮಾರ್ಕಿನ ಸಂಗತಿ. 1777-78ರ ಚಳಿಗಾಲವನ್ನು ಜಾರ್ಜ್ ವಾಷಿಂಗ್ಟನ್ನರ ಸೈನ್ಯ ವ್ಯಾಲಿ ಫೋರ್ಜ್ ಎಂಬಲ್ಲಿ ಬಹಳ ಕಷ್ಟದಲ್ಲಿ ಕಳೆಯಿತು ಅಂತ ಗೈಡಿನಲ್ಲಿ ಒಂದು ಸಾಲು ಇರುತ್ತದೆ. ಅದನ್ನು ದಾಟಿ ಮುಂದೆ ಹೋಗುತ್ತಿದ್ದಾಗ ಶಹಾಪುರ ಕಡೆಯ ಒಬ್ಬ ಹುಡುಗ ಕೈ ಎತ್ತಿದ. "ಪಗಾರ ಕೊಟ್ಟಿಲ್ಲ, ಬೂಟು ಕೊಟ್ಟಿಲ್ಲ, ಊಟಾನೂ ಇಲ್ಲ. ಮತ್ ಯಾಕ್ ಓಡಿ ಹೋಗ್ಲಿಲ್ರಿ ಸರ್ ಅವ್ರು?"

ಹಿಂದಿನ ಬೆಂಚಿನಿಂದ ಯಾರೋ "ದೇಶಪ್ರೇಮ" ಅಂದರು. ಅವನು ತಿರುಗಿ ನೋಡಿ, "ದೇಶ ಇನ್ನಾ ಆಗೇ ಇರ್ಲಿಲ್ಲಲ್ಲಪಾ" ಅಂದ.

ಕ್ಲಾಸ್ ನಕ್ಕಿತು. ಆದರೆ ಮಾತು ಸರಿ ಇತ್ತು. ಅಮೆರಿಕ ಎಂಬ ದೇಶಕ್ಕೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ. 1776ರ ಜುಲೈನ ಒಂದು ಘೋಷಣೆ ಬಿಟ್ಟರೆ ಹೆಚ್ಚೇನೂ ಕೈಯಲ್ಲಿರಲಿಲ್ಲ. ತೆರಿಗೆ ಹಾಕುವ ಅಧಿಕಾರ ಇಲ್ಲದ ಒಂದು ಕಾಂಗ್ರೆಸ್ (ಅಂದರೆ ರಾಜ್ಯಗಳ ಪ್ರತಿನಿಧಿಗಳ ಸಭೆ), ದಿನದಿಂದ ದಿನಕ್ಕೆ ಬೆಲೆ ಕಳೆದುಕೊಳ್ಳುವ ನೋಟು, ಹದಿಮೂರು ರಾಜ್ಯಗಳ ಹದಿಮೂರು ದಾರಿ. ಆ ಕಾಂಗ್ರೆಸ್ಸೂ ಫಿಲಡೆಲ್ಫಿಯಾ ಬಿಟ್ಟು ಯಾರ್ಕ್ ಎಂಬ ಊರಿಗೆ ಓಡಿತ್ತು. 1777ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದಿದ್ದರು. ಅದೇ ಡಿಸೆಂಬರ್ 19ಕ್ಕೆ ವಾಷಿಂಗ್ಟನ್ನರ ಸುಮಾರು 12 ಸಾವಿರ ಜನ ಅಲ್ಲಿಂದ ಇಪ್ಪತ್ತು ಮೈಲಿಯೊಳಗಿನ ವ್ಯಾಲಿ ಫೋರ್ಜ್‌ಗೆ ನಡೆದು ಬಂದರು. ಅಲ್ಲಿ ಮನೆ ಇಲ್ಲ, ಗೋದಾಮು ಇಲ್ಲ. ಮರ ಕಡಿದು ತಾವೇ ಗುಡಿಸಲು ಕಟ್ಟಿಕೊಳ್ಳಬೇಕು. ಒಂದು ಗುಡಿಸಲು 14 ಅಡಿಗೆ 16 ಅಡಿ, ಒಳಗೆ 12 ಜನ. ಪ್ರತಿ ರೆಜಿಮೆಂಟಿನಲ್ಲಿ ಎಲ್ಲರಿಗಿಂತ ಬೇಗ, ಚೆನ್ನಾಗಿ ಕಟ್ಟಿದ ತಂಡಕ್ಕೆ 12 ಡಾಲರ್ ಬಹುಮಾನ ಅಂತ ವಾಷಿಂಗ್ಟನ್ ಘೋಷಿಸಿದರು. ಪಗಾರವೇ ಬಾಕಿ ಇದ್ದವರಿಗೆ ಬಹುಮಾನದ ಆಸೆ! ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಅಲ್ಲಿನ ಒಬ್ಬ ಸಿಪಾಯಿಯ ಮಾತು ನಮಗೆ ಸಿಕ್ಕಿದೆ. ಜೋಸೆಫ್ ಪ್ಲಂಬ್ ಮಾರ್ಟಿನ್, ಆಗ 17 ವರ್ಷ. ವ್ಯಾಲಿ ಫೋರ್ಜ್ ತಲುಪುವ ಹಿಂದಿನ ದಿನ, ಡಿಸೆಂಬರ್ 18ರಂದು, ದೇವರಿಗೆ ಕೃತಜ್ಞತೆ ಹೇಳುವ ಹಬ್ಬ ಆಚರಿಸಿ ಅಂತ ಕಾಂಗ್ರೆಸ್ ಹೇಳಿತ್ತು. ಹಬ್ಬದ ಊಟವಾಗಿ ಸಿಪಾಯಿಗಳಿಗೆ ಸಿಕ್ಕಿದ್ದು ತಲಾ ಒಂದು ಹಿಡಿ ಅಕ್ಕಿ, ಒಂದು ಚಮಚ ವಿನೆಗರ್. ಮುದುಕನಾದ ಮೇಲೆ ಮಾರ್ಟಿನ್ ಇದನ್ನು ಬರೆಯುವಾಗ ಗೋಳಾಡುವುದಿಲ್ಲ, ಚೇಷ್ಟೆ ಮಾಡುತ್ತಾನೆ. ಕಾಲಿಗೆ ಬೂಟಿಲ್ಲದೆ ಹಸಿ ಚರ್ಮದ ತುಂಡಿನಿಂದ ತಾನೇ ಜೋಡು ಮಾಡಿಕೊಂಡಿದ್ದ. ಅದರ ಅಂಚು ಕಾಲಿನ ಹರಡನ್ನು ತರಚುತ್ತಿತ್ತು. ಆದರೂ ಅದೇ ವಾಸಿ ಅನ್ನುತ್ತಾನೆ. ಯಾಕೆಂದರೆ ಚಳಿಗೆ ಗಟ್ಟಿಯಾದ ನೆಲದ ಮೇಲೆ ಪಕ್ಕದವರ ಬರಿಗಾಲಿನ ರಕ್ತ ಗುರುತಾಗಿ ಉಳಿಯುತ್ತಿತ್ತು.

ಊಟ ಅಂದರೆ ಹೆಚ್ಚಿನ ದಿನ ಹಿಟ್ಟು ಮತ್ತು ನೀರು. ಕಲಸಿ, ಬಿಸಿ ಕಲ್ಲಿನ ಮೇಲೋ ಕೆಂಡದ ಮೇಲೋ ಇಟ್ಟು ಸುಡುವುದು. ಉಪ್ಪೂ ಇಲ್ಲ. ನಮ್ಮ ಕಡೆಯ ರೊಟ್ಟಿಯೂ ಹಿಟ್ಟು ನೀರೇ ತಾನೇ ಅನ್ನಬಹುದು. ಆದರೆ ನಮ್ಮ ರೊಟ್ಟಿಯ ಪಕ್ಕ ಶೇಂಗಾ ಹಿಂಡಿ ಇರುತ್ತದೆ, ಪುಂಡಿಪಲ್ಯ ಇರುತ್ತದೆ, ಬಡಿಯುವ ಕೈಯೊಂದು ಇರುತ್ತದೆ. ಅಲ್ಲಿ ಮೇಲೆ ಕರಕಲು, ಒಳಗೆ ಹಸಿ. ಕನೆಕ್ಟಿಕಟ್‌ನ ಸೈನ್ಯದ ವೈದ್ಯ ಆಲ್ಬಿಜೆನ್ಸ್ ವಾಲ್ಡೊ ತನ್ನ ದಿನಚರಿಯಲ್ಲಿ ಒಂದು ಸಂಜೆಯ ವಿಷಯ ಬರೆದಿದ್ದಾನೆ. ಸಿಪಾಯಿಗಳೆಲ್ಲ ಶಿಬಿರದ ತುಂಬ "ಮಾಂಸ ಇಲ್ಲ! ಮಾಂಸ ಇಲ್ಲ!" ಅಂತ ಕೂಗತೊಡಗಿದರಂತೆ. ಜೊತೆಗೆ ಕೆಲವರು ಕಾಗೆಯ ಹಾಗೆ, ಗೂಬೆಯ ಹಾಗೆ ದನಿ ತೆಗೆದರಂತೆ. ಹಸಿದ ಸಾವಿರಾರು ಹುಡುಗರು ಕತ್ತಲಲ್ಲಿ ಕಾಗೆ ಗೂಬೆಯಾಗಿ ಕೂಗುವುದನ್ನು ಒಮ್ಮೆ ಊಹಿಸಿ. ಇದು ತಾಳ್ಮೆಯೋ, ದಂಗೆಯ ಮೊದಲ ಹೆಜ್ಜೆಯೋ ಹೇಳುವುದು ಕಷ್ಟ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ವ್ಯಾಲಿ ಫೋರ್ಜ್‌ನಲ್ಲಿ ಸುಮಾರು 2 ಸಾವಿರ ಜನ ಸತ್ತರು. ಆದರೆ ಹೆಚ್ಚಿನವರು ಹಿಮದಲ್ಲಿ ಹೆಪ್ಪುಗಟ್ಟಿ ಸತ್ತವರಲ್ಲ. ಟೈಫಸ್, ಟೈಫಾಯ್ಡ್, ಭೇದಿ, ನ್ಯುಮೋನಿಯಾ ಅವರನ್ನು ಕೊಂದವು. ಅದರಲ್ಲೂ ಜಾಸ್ತಿ ಸಾವು ಚಳಿ ಇಳಿದ ಮೇಲೆ, ಮಾರ್ಚ್‌ನಿಂದ ಮೇ ನಡುವೆ ಆದವು. ಆ ವರ್ಷದ ಚಳಿ ಅಲ್ಲಿಯ ಮಟ್ಟಿಗೆ ದೊಡ್ಡ ಚಳಿಯೂ ಅಲ್ಲ. ಎರಡು ವರ್ಷ ಬಿಟ್ಟು, 1779-80ರಲ್ಲಿ ಇದೇ ಸೈನ್ಯ ಮಾರಿಸ್‌ಟೌನ್ ಎಂಬಲ್ಲಿ ಇದ್ದಾಗ ಬಂದದ್ದು ಆ ಶತಮಾನದ ಅತಿ ಕೆಟ್ಟ ಚಳಿ. ಅಲ್ಲಿ ಸತ್ತವರು ನೂರರ ಆಸುಪಾಸು. ಚಳಿ ಹೆಚ್ಚು, ಸಾವು ಕಡಿಮೆ. ಯಾಕೆಂದರೆ ಅಷ್ಟರಲ್ಲಿ ಗುಡಿಸಲನ್ನು ಎಲ್ಲಿ ಕಟ್ಟಬೇಕು, ಕಕ್ಕಸು ಗುಂಡಿ ಎಷ್ಟು ದೂರ ಇರಬೇಕು ಅಂತ ಕಲಿತಿದ್ದರು.

ಹಾಗಾದರೆ ಮೊದಲ ಸಲ ಕೊಂದದ್ದು ಏನು? ನನ್ನ ಪ್ರಕಾರ ಗಾಡಿ. ಆ ಸೀಮೆಯಲ್ಲಿ ಆ ವರ್ಷ ಬರಗಾಲ ಇರಲಿಲ್ಲ. ಧಾನ್ಯ ಇತ್ತು, ದನ ಇದ್ದವು. ಅವನ್ನು ಸೈನ್ಯದ ತನಕ ತರುವ ವ್ಯವಸ್ಥೆ ಮುರಿದುಬಿದ್ದಿತ್ತು. ಸರಬರಾಜಿನ ಮುಖ್ಯಸ್ಥ ಥಾಮಸ್ ಮಿಫ್ಲಿನ್ ನವೆಂಬರ್‌ನಲ್ಲೇ ರಾಜೀನಾಮೆ ಕೊಟ್ಟಿದ್ದ. ಆ ಜಾಗಕ್ಕೆ ನಥಾನಿಯಲ್ ಗ್ರೀನ್ ಬರುವ ಹೊತ್ತಿಗೆ ಮಾರ್ಚ್ ಆಗಿತ್ತು. ನಡುವಿನ ತಿಂಗಳುಗಳಲ್ಲಿ ಕೇಳುವವರಿರಲಿಲ್ಲ. ಹಂದಿ ಮಾಂಸದ ಪೀಪಾಯಿ ಭಾರ ಆಗುತ್ತದೆ ಅಂತ ಗಾಡಿಯವರು ಉಪ್ಪುನೀರನ್ನು ದಾರಿಯಲ್ಲೇ ಚೆಲ್ಲಿಬಿಡುತ್ತಿದ್ದರು. ಮಾಂಸ ಬರುವಷ್ಟರಲ್ಲಿ ಕೊಳೆತು ಹೋಗುತ್ತಿತ್ತು. ಸುತ್ತಲಿನ ರೈತರು ತಮ್ಮ ಮಾಲನ್ನು ಫಿಲಡೆಲ್ಫಿಯಾದ ಬ್ರಿಟಿಷರಿಗೆ ಮಾರುತ್ತಿದ್ದರು, ಯಾಕೆಂದರೆ ಅವರು ಕೊಡುತ್ತಿದ್ದದ್ದು ಬೆಳ್ಳಿ, ಬಂಗಾರದ ನಾಣ್ಯ. ಕಾಂಗ್ರೆಸ್ಸಿನ ನೋಟು ಯಾರಿಗೆ ಬೇಕು? ರೈತರನ್ನು ಬೈಯುವುದು ಸುಲಭ. ತೊಗರಿ ಮಾರಲು ಹೋಗಿ ರೇಟು ನೋಡಿ ನಿಟ್ಟುಸಿರು ಬಿಟ್ಟ ಮನೆಯಿಂದ ಬಂದವನು ನಾನು, ಹಾಗಾಗಿ ಬೈಯಲಾರೆ.

ಡಿಸೆಂಬರ್ 23ರಂದು ವಾಷಿಂಗ್ಟನ್ ಕಾಂಗ್ರೆಸ್ಸಿನ ಅಧ್ಯಕ್ಷ ಹೆನ್ರಿ ಲಾರೆನ್ಸ್‌ಗೆ ಬರೆದ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಬರಿಗಾಲು, ಮೈಮೇಲೆ ಬಟ್ಟೆ ಇಲ್ಲ ಎಂಬ ಕಾರಣಕ್ಕೆ ಕೆಲಸಕ್ಕೆ ಬರಲಾಗದವರು 2,898. ಹೀಗೇ ಆದರೆ ಸೈನ್ಯ ಉಪವಾಸ ಬೀಳಬೇಕು, ಇಲ್ಲವೇ ಕರಗಬೇಕು, ಇಲ್ಲವೇ ಊಟ ಹುಡುಕಿಕೊಂಡು ಚದುರಿ ಹೋಗಬೇಕು, ಮೂರರಲ್ಲಿ ಒಂದು ಖಂಡಿತ ಅಂದಿದ್ದಾರೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಮೊದಲ ಉತ್ತರ ಸರಳ. ಓಡಿಹೋದರು! ಬಹಳ ಜನ ಓಡಿಹೋದರು. ಅಧಿಕಾರಿಗಳು ನೂರಾರು ಮಂದಿ ರಾಜೀನಾಮೆ ಬಿಸಾಕಿ ಮನೆಗೆ ಹೋದರು. ಅವರಿಗೆ ಆ ದಾರಿ ಇತ್ತು. ಸಿಪಾಯಿಗೆ ಇರಲಿಲ್ಲ. ಅವನು ಮೂರು ವರ್ಷಕ್ಕೋ, ಯುದ್ಧ ಮುಗಿಯುವ ತನಕವೋ ಹೆಬ್ಬೆಟ್ಟು ಒತ್ತಿದವನು. ಸಿಕ್ಕಿಬಿದ್ದರೆ 100 ಚಡಿಯೇಟು, ಕೆಲವೊಮ್ಮೆ ನೇಣು. ಇನ್ನು ಆ ಸಿಪಾಯಿಗಳು ಯಾರು? ಯುದ್ಧದ ಮೊದಲ ವರ್ಷ ಸ್ವಂತ ಹೊಲ ಇದ್ದ ರೈತರೂ ಬಂದೂಕು ಹಿಡಿದಿದ್ದರು. 1777ರ ಹೊತ್ತಿಗೆ ಅಂಥವರು ಕಡಿಮೆ. ಉಳಿದವರು ಹೊಲ ಇಲ್ಲದ ಕಿರಿಮಕ್ಕಳು, ಕೂಲಿಗಳು, ಐರ್ಲೆಂಡಿನಿಂದ, ಜರ್ಮನಿಯಿಂದ ಹೊಸದಾಗಿ ಬಂದವರು, ಕರಿಯರು, ಶ್ರೀಮಂತರ ಬದಲಿಗೆ ದುಡ್ಡು ತಗೊಂಡು ಬಂದವರು. ಯುದ್ಧ ಮುಗಿಯುವ ತನಕ ಇದ್ದರೆ 20 ಡಾಲರ್ ಮತ್ತು 100 ಎಕರೆ ಜಮೀನು ಅಂತ ಕಾಂಗ್ರೆಸ್ ಮಾತು ಕೊಟ್ಟಿತ್ತು. ನೂರು ಎಕರೆ! ಹೊಲ ಇಲ್ಲದವನಿಗೆ ಆ ಮಾತಿನ ತೂಕ ಎಷ್ಟು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಹೆದರಿಕೆ, ಆಸೆ ಎರಡನ್ನೇ ಹಿಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಕಾಡಿನ ನಡುವೆ 12 ಸಾವಿರ ಜನರನ್ನು ಚಡಿಯೇಟಿನ ಹೆದರಿಕೆಯಿಂದಲೇ ಆರು ತಿಂಗಳು ಹಿಡಿದಿಡಲು ಆಗುವುದಿಲ್ಲ. ಕಾವಲು ಕಾಯುವವನಿಗೂ ಬೂಟಿರಲಿಲ್ಲ, ಅಲ್ವಾ?

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ವ್ಯಾಲಿ ಫೋರ್ಜ್‌ನದ್ದಲ್ಲ, ಅದಕ್ಕೂ ಒಂದು ವರ್ಷ ಹಿಂದಿನದು. 1776ರ ಕೊನೆ. ಕ್ರಿಸ್‌ಮಸ್ ರಾತ್ರಿ ಹಿಮಗಡ್ಡೆ ತೇಲುವ ಡೆಲಾವೇರ್ ನದಿ ದಾಟಿ ವಾಷಿಂಗ್ಟನ್ ಟ್ರೆಂಟನ್ ಎಂಬ ಊರನ್ನು ಗೆದ್ದಿದ್ದರು. ಆದರೆ ಡಿಸೆಂಬರ್ 31ಕ್ಕೆ ಹೆಚ್ಚಿನ ಸಿಪಾಯಿಗಳ ಕರಾರು ಮುಗಿಯುತ್ತಿತ್ತು. ಮರುದಿನ ಸೈನ್ಯವೇ ಇರುವುದಿಲ್ಲ. ಇನ್ನು ಆರು ವಾರ ಇದ್ದವರಿಗೆ 10 ಡಾಲರ್ ಕೊಡುತ್ತೇನೆ ಅಂದರು. ಅಲ್ಲಿದ್ದ ಒಬ್ಬ ಸಾರ್ಜೆಂಟ್, ತನ್ನ ಹೆಸರಿನ ಮೊದಲ ಅಕ್ಷರ ಮಾತ್ರ ಹಾಕಿ, 1832ರಲ್ಲಿ ಈ ಪ್ರಸಂಗವನ್ನು ಅಚ್ಚು ಮಾಡಿಸಿದ. ರೆಜಿಮೆಂಟನ್ನು ಸಾಲಾಗಿ ನಿಲ್ಲಿಸಿದರು. ಇರುವವರು ಮುಂದೆ ಬನ್ನಿ ಅಂತ ಡ್ರಮ್ ಬಾರಿಸಿದರು. ಒಬ್ಬನೂ ಕದಲಲಿಲ್ಲ. ವಾಷಿಂಗ್ಟನ್ ಕುದುರೆ ತಿರುಗಿಸಿ ಹೊರಟವರು ಮತ್ತೆ ವಾಪಸ್ ಬಂದರು. ನಾನು ಕೇಳಿದ್ದನ್ನೆಲ್ಲ ಮಾಡಿದ್ದೀರಿ, ಅದಕ್ಕಿಂತ ಹೆಚ್ಚೇ ಮಾಡಿದ್ದೀರಿ, ದಣಿದಿದ್ದೀರಿ, ನಿಮ್ಮನ್ನು ಹೇಗೆ ಬಿಟ್ಟುಕೊಡಲಿ ಗೊತ್ತಾಗುತ್ತಿಲ್ಲ ಅನ್ನುವ ಅರ್ಥದ ಮಾತಾಡಿದರು. ಮತ್ತೆ ಡ್ರಮ್. ಆಗ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ ಹೇಳಿದನಂತೆ: ನೀನು ಇದ್ದರೆ ನಾನೂ ಇರುತ್ತೇನೆ. ಇನ್ನೊಬ್ಬ, ಇಂಥ ಹೊತ್ತಲ್ಲಿ ಮನೆಗೆ ಹೋಗೋದು ಹೇಗೆ ಅಂದನಂತೆ. ಒಂದಿಬ್ಬರು ಮುಂದೆ ಬಂದರು. ಆಮೇಲೆ ಕೈಕಾಲು ನೆಟ್ಟಗಿದ್ದ ಹೆಚ್ಚುಕಡಿಮೆ ಎಲ್ಲರೂ ಬಂದರು, ಸುಮಾರು 200 ಜನ.

ಭಾಷಣ ಚೆನ್ನಾಗಿತ್ತು, ನಿಜ. ಆದರೆ ಭಾಷಣ ಮುಗಿದ ತಕ್ಷಣ ಅವರು ನೋಡಿದ್ದು ಜನರಲ್ ಮುಖ ಅಲ್ಲ, ಪಕ್ಕದವನ ಮುಖ. ಅವನು ಹೊರಟರೆ ಇವನೂ ಹೊರಡುತ್ತಿದ್ದ. ಅವನು ನಿಂತ, ಇವನೂ ನಿಂತ. ಸ್ವಾತಂತ್ರ್ಯ ಅನ್ನುವ ದೊಡ್ಡ ಸಂಗತಿ ಸಿಪಾಯಿಯ ಕೈಗೆ ಸಿಗುವುದು ಇಷ್ಟು ಸಣ್ಣ ರೂಪದಲ್ಲೇ ಅಂತ ನನಗೆ ಅನಿಸುತ್ತದೆ. ಹನ್ನೆರಡು ಜನರ ಗುಡಿಸಲಿನಲ್ಲಿ ಉಳಿದ ಹನ್ನೊಂದು ಜನ. ರಾತ್ರಿ ಒಬ್ಬ ಎದ್ದು ಹೋದರೆ ಬೆಳಗ್ಗೆ ಅವನ ಪಾಲಿನ ಕಾವಲು, ಅವನ ಪಾಲಿನ ಸೌದೆ ಯಾರ ತಲೆಗೆ ಬರುತ್ತದೆ ಅಂತ ಅವನಿಗೆ ಗೊತ್ತು.

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಬಿಸಿಲಿನ ಊರಲ್ಲಿ ಹುಟ್ಟಿ ಸಿಯಾಚಿನ್ ನೋಡಿ ಬಂದವರು. ಓಣಿಯ ಮಕ್ಕಳಿಗೆಲ್ಲ ಫೌಜಿ ಕಾಕಾ. ಅವರ ಮುಂದೆ ಈ ಕಥೆ ಹೇಳಿದೆ. ಡಾಲರ್, ಎಕರೆ ಯಾವುದೂ ಅವರಿಗೆ ಹಿಡಿಸಲಿಲ್ಲ. ಬರಿಗಾಲು ಅಂದ ಕೂಡಲೇ ನೆಟ್ಟಗೆ ಕೂತರು. "ಕಾಲು ಹೋತಂದ್ರ ಮನಷ್ಯಾ ಹೋದ ನೋಡಪಾ" ಅಂದರು. ಅಲ್ಲಿ ಇಬ್ಬಿಬ್ಬರ ಜೋಡಿ ಮಾಡುತ್ತಾರಂತೆ, ಜೊತೆಗಾರನಿಗೆ ಇಂಗ್ಲಿಷಿನಲ್ಲಿ ಬಡ್ಡಿ ಅನ್ನುತ್ತಾರೆ. ನಿನ್ನ ಬೆರಳು ಮರಗಟ್ಟಿದ್ದು ನಿನಗೆ ತಿಳಿಯುವುದಿಲ್ಲ, ಬಡ್ಡಿಗೆ ತಿಳಿಯುತ್ತದೆ. ಅವನು ನಿನ್ನ ಕಾಲು ನೋಡಬೇಕು, ನೀನು ಅವನದು. "ಅಲ್ಲಿ ಝೆಂಡಾ ನೆನಪಾಗಂಗಿಲ್ಲ ಅಂತಲ್ಲ. ಆಗ್ತದ. ಆದ್ರ ರಾತ್ರಿ ಎರಡಕ್ಕ ಎಬ್ಸಾಂವ ಬಡ್ಡಿ." ಇದಾದ ಮೇಲೆ ಚಹಾ ಬಂತು, ಮಾತು ಅವರ ಮೊಮ್ಮಗಳ ಮೆಡಿಕಲ್ ಸೀಟಿನ ಕಡೆ ಹೊರಳಿತು. ಇನ್ನೂ ಕೇಳುವುದಿತ್ತು, ಆದರೆ ಅವರು ಅಷ್ಟಕ್ಕೇ ಸಾಕು ಅನ್ನುವ ಹಾಗಿದ್ದರು.

ಸೈನ್ಯ ಉಳಿಯಲು ಇನ್ನೊಂದು ಕಾರಣ ಇತ್ತು, ಅದನ್ನು ತಂದದ್ದು ಒಬ್ಬ ವಿಚಿತ್ರ ಮನುಷ್ಯ. 1778ರ ಫೆಬ್ರುವರಿ 23ರಂದು ವ್ಯಾಲಿ ಫೋರ್ಜ್‌ಗೆ ಬಂದ, ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಮಾಜಿ ಸೇನಾಧಿಕಾರಿ ಫಾನ್ ಸ್ಟಾಯ್ಬೆನ್. ಇಂಗ್ಲಿಷ್ ಬರುತ್ತಿರಲಿಲ್ಲ. ಬೈಗುಳಕ್ಕೂ ಅನುವಾದಕ ಬೇಕು. ಸಿಟ್ಟು ಬಂದಾಗ ಜರ್ಮನ್, ಫ್ರೆಂಚ್ ಎರಡರಲ್ಲೂ ಬೈದು, ಸಾಲದು ಅನಿಸಿದರೆ ತನ್ನ ಸಹಾಯಕನಿಗೆ ಇಂಗ್ಲಿಷಿನಲ್ಲಿ ನೀನು ಬೈ ಅನ್ನುತ್ತಿದ್ದ. ಸಿಪಾಯಿಗಳಿಗೆ ಬಹಳ ದಿನದ ಮೇಲೆ ನಗು ಬಂತು. ಆದರೆ ಅವನು ಮಾಡಿದ ದೊಡ್ಡ ಕೆಲಸ ಬೇರೆ. ಆ ಕಾಲದ ಅಧಿಕಾರಿಗಳು ಸಿಪಾಯಿಗೆ ಡ್ರಿಲ್ ಹೇಳಿಕೊಡುವುದು ತಮ್ಮ ಘನತೆಗೆ ಕಡಿಮೆ ಅಂತ ಸಾರ್ಜೆಂಟ್‌ಗಳಿಗೆ ಬಿಡುತ್ತಿದ್ದರು. ಇವನು ತಾನೇ ಬಂದೂಕು ಹಿಡಿದು ಸಾಲಿನ ಮುಂದೆ ನಿಂತ. ಆಮೇಲೆ ಯುರೋಪಿನ ಗೆಳೆಯನಿಗೆ ಬರೆದ: ನೀವು ನಿಮ್ಮ ಸಿಪಾಯಿಗೆ ಇದನ್ನು ಮಾಡು ಅಂದರೆ ಮಾಡುತ್ತಾನೆ, ಇಲ್ಲಿ ನಾನು ಇದನ್ನು ಯಾಕೆ ಮಾಡಬೇಕು ಅಂತ ಹೇಳಬೇಕು, ಆಮೇಲೆ ಮಾಡುತ್ತಾನೆ.

ನಮ್ಮ ಶಹಾಪುರದ ಹುಡುಗ ಅಲ್ಲಿದ್ದಿದ್ದರೆ ಸ್ಟಾಯ್ಬೆನ್‌ಗೆ ಇಷ್ಟವಾಗುತ್ತಿದ್ದ. ಹಸಿದವನಿಗೆ ಡ್ರಿಲ್ ಯಾಕೆ ಅನಿಸಬಹುದು. ಆದರೆ ತಿಂಗಳುಗಟ್ಟಲೆ ಗುಡಿಸಲಲ್ಲಿ ಹೇನು ಹೆಕ್ಕುತ್ತ ಕೂತವನಿಗೆ ದಿನವೂ ಒಂದು ಕೆಲಸ, ದಿನವೂ ಸ್ವಲ್ಪ ಸುಧಾರಣೆ, ಕಾರಣ ಹೇಳಿ ಮಾತಾಡಿಸುವ ಒಬ್ಬ ದೊಡ್ಡವನು ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಮಾರ್ಚ್‌ನಿಂದ ಗ್ರೀನ್ ಗಾಡಿಗಳನ್ನು ದಾರಿಗೆ ತಂದ. ಫ್ರಾನ್ಸ್ ಜೊತೆ ಸೇರಿತು, ಆ ಸುದ್ದಿಗೆ ಮೇ 6ರಂದು ಸಂಭ್ರಮ ಮಾಡಿದರು. ಜೂನ್ 19ಕ್ಕೆ ಸೈನ್ಯ ಅಲ್ಲಿಂದ ಎದ್ದಿತು, ಒಂಬತ್ತು ದಿನ ಬಿಟ್ಟು ಮಾನ್ಮತ್‌ನಲ್ಲಿ ಬ್ರಿಟಿಷರ ಎದುರು ಕದಲದೆ ನಿಂತಿತು.

ಚಳಿ ಗೊತ್ತಿಲ್ಲದ ಊರಿನವರ ಕಥೆ ಬೇಕಂದರೆ ದಕ್ಷಿಣ ಅಮೆರಿಕಕ್ಕೆ ಹೋಗಬೇಕು. 1819ರಲ್ಲಿ, ಸ್ಪೇನಿನ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಿಮೊನ್ ಬೊಲಿವಾರ್ 2 ಸಾವಿರಕ್ಕೂ ಮೇಲೆ ಜನರನ್ನು ಕಟ್ಟಿಕೊಂಡು ಆಂಡೀಸ್ ಪರ್ವತ ಹತ್ತಿದ. ಅವರಲ್ಲಿ ಬಹಳ ಜನ ಲಾನೆರೋಗಳು, ಅಂದರೆ ಬಯಲು ಸೀಮೆಯ ದನಗಾಹಿಗಳು. ಸುಡುವ ಬಿಸಿಲಿನಲ್ಲಿ, ಅರ್ಧ ಮೈಗೆ ಬಟ್ಟೆ ಸುತ್ತಿಕೊಂಡು, ಬರಿಗಾಲಲ್ಲಿ ಕುದುರೆ ಓಡಿಸಿ ಬೆಳೆದವರು. ಮೊದಲು ಮಳೆಗಾಲದ ನೆರೆಯಲ್ಲಿ ಸೊಂಟದ ಮಟ್ಟದ ನೀರು ದಾಟಿದರು. ಆಮೇಲೆ ಪಿಸ್ಬಾ ಎಂಬ ಘಾಟು, ಎತ್ತರ ಹೆಚ್ಚುಕಡಿಮೆ 4 ಸಾವಿರ ಮೀಟರ್. ಉಸಿರಾಡಲು ಗಾಳಿ ಸಾಲದು, ಮಂಜಿನ ಮಳೆ, ಉರಿಸಲು ಕಟ್ಟಿಗೆ ಇಲ್ಲ. ಕುದುರೆಗಳು ಬಹುತೇಕ ಸತ್ತವು. ಕೂತವರು ಏಳಲಿಲ್ಲ. ಆಚೆ ಇಳಿದ ಮೇಲೆ ಸೋಚಾ ಎಂಬ ಊರಿನ ಹೆಂಗಸರು ತಮ್ಮ ಬಟ್ಟೆಯನ್ನೇ ಬಿಚ್ಚಿ ಕೊಟ್ಟರು ಅಂತ ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಸುಮಾರು ಒಂದು ತಿಂಗಳಿಗೆ, ಆಗಸ್ಟ್ 7ಕ್ಕೆ, ಬೊಯಾಕಾದಲ್ಲಿ ಅವರೇ ಗೆದ್ದರು. ಆ ದಾರಿಯಲ್ಲಿ ಯಾರೂ ಬರಲಾರರು ಅಂತ ಸ್ಪೇನಿನವರು ನಂಬಿದ್ದರು. ಕಲಬುರಗಿಯ ಒಬ್ಬನನ್ನು ಬನಿಯನ್‌ನಲ್ಲಿ ಅಲ್ಲಿ ನಿಲ್ಲಿಸಿದರೆ ಏನಾಗಬಹುದು ಅಂತ ಯೋಚಿಸಿ ನನಗಂತೂ ಮೈ ನಡುಗಿತು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಸಿಪಾಯಿಯ ತಾಳ್ಮೆಯನ್ನು ಹೊಗಳುವವರಿಗೆ ಒಂದು ಅನುಕೂಲ ಇದೆ. ಅವನು ಹೇಗೂ ತಾಳುತ್ತಾನೆ ಅಂದುಕೊಂಡರೆ ಬೂಟು ಕಳಿಸುವ ಗಡಿಬಿಡಿ ಇರುವುದಿಲ್ಲ. ಫೆಬ್ರುವರಿ 1778ರಲ್ಲಿ ವಾಷಿಂಗ್ಟನ್ ಬರೆದ ಪತ್ರವೊಂದರಲ್ಲಿ, ಇಷ್ಟು ಹಸಿವು, ಇಷ್ಟು ಬೆತ್ತಲೆ ಇದ್ದೂ ಇವರು ದಂಗೆ ಏಳದಿರುವುದೇ ಆಶ್ಚರ್ಯ ಅನ್ನುವ ಮಾತಿದೆ. ಅದರ ಹಿಂದೆಯೇ ಏಪ್ರಿಲ್‌ನಲ್ಲಿ, ದೇಶಪ್ರೇಮ ಒಂದರಿಂದಲೇ ದೀರ್ಘ ಯುದ್ಧ ನಡೆಯುವುದಿಲ್ಲ, ಜೊತೆಗೆ ಲಾಭದ ಭರವಸೆಯೂ ಬೇಕು ಅಂತ ಅವರೇ ಬರೆದರು. ಭಾಷಣದಲ್ಲಿ ಯಾರೂ ಈ ಎರಡನೇ ಮಾತನ್ನು ಹೇಳುವುದಿಲ್ಲ ನೋಡಿ.

ತಾಳ್ಮೆ ಕೊನೆಗೂ ಮುಗಿಯಿತು. 1780ರ ಮೇ 25ರಂದು ಮಾರಿಸ್‌ಟೌನ್‌ನಲ್ಲಿ ಕನೆಕ್ಟಿಕಟ್ ಸಿಪಾಯಿಗಳು ಊಟಕ್ಕಾಗಿ ಬಂದೂಕು ಹಿಡಿದು ಎದ್ದರು. ನಮ್ಮ ಮಾರ್ಟಿನ್ ಕೂಡ ಅವರಲ್ಲಿದ್ದ. 1781ರ ಜನವರಿ 1ರಂದು ಪೆನ್ಸಿಲ್ವೇನಿಯಾದ ದಳ ಪೂರ್ತಿ ಎದ್ದಿತು. ಪಗಾರ ಇಲ್ಲ, ಮೂರು ವರ್ಷದ ಕರಾರು ಮುಗಿದರೂ ಬಿಡುತ್ತಿಲ್ಲ ಎಂಬುದು ಅವರ ದೂರು. ಫಿರಂಗಿ ಎಳೆದುಕೊಂಡು ಫಿಲಡೆಲ್ಫಿಯಾ ಕಡೆ ಹೊರಟರು. ಸುದ್ದಿ ಕೇಳಿ ಬ್ರಿಟಿಷರು ಕುಣಿದಾಡಿದರು. ನಮ್ಮ ಕಡೆ ಬನ್ನಿ, ಬಾಕಿ ಪಗಾರ ನಾವು ಕೊಡುತ್ತೇವೆ ಅಂತ ಇಬ್ಬರು ಗುಪ್ತಚರರ ಕೈಯಲ್ಲಿ ಪತ್ರ ಕಳಿಸಿದರು. ದಂಗೆಕೋರರು ಏನು ಮಾಡಿದರು? ಆ ಇಬ್ಬರನ್ನು ಹಿಡಿದು ಒಪ್ಪಿಸಿದರು. ಇಬ್ಬರನ್ನೂ ನೇಣಿಗೆ ಹಾಕಲಾಯಿತು. ಹಿಡಿದುಕೊಟ್ಟವರಿಗೆ ಬಂಗಾರದ ಬಹುಮಾನ ಕೊಡಲು ಬಂದರೆ ಬೇಡ ಅಂದರು. ಆಮೇಲೆ ಮಾತುಕತೆಯಲ್ಲಿ ದಳದ ಸುಮಾರು ಅರ್ಧ ಜನಕ್ಕೆ ಬಿಡುಗಡೆ ಸಿಕ್ಕಿತು. ಅವರಲ್ಲಿ ಎಷ್ಟೋ ಜನ ಸ್ವಲ್ಪ ದಿನ ಮನೆಯಲ್ಲಿದ್ದು ಮತ್ತೆ ಹೊಸ ಕರಾರಿಗೆ ಬಂದು ಸೇರಿದರು.

ಮರುದಿನ ಕ್ಲಾಸಿನಲ್ಲಿ ನಾನು ಹೇಳಿದ್ದು ಈ ಪ್ರಸಂಗವನ್ನೇ. ಪಗಾರ ಕೇಳುವುದು ಬೇರೆ, ಪಕ್ಷ ಬದಲಿಸುವುದು ಬೇರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರು ಅವರ ಮೇಲಿನವರು.

ನಮ್ಮ ಕಡೆಯ ಮಾತು ಬಿಟ್ಟು ಈ ಬರಹ ಮುಗಿಸಲು ಮನಸ್ಸಿಲ್ಲ. 1947ರ ಆಗಸ್ಟ್ 15ಕ್ಕೆ ಬೆಂಗಳೂರು, ಧಾರವಾಡದಲ್ಲಿ ಬಾವುಟ ಏರಿದಾಗ ಕಲಬುರಗಿ, ಬೀದರ್, ರಾಯಚೂರು ನಿಜಾಮರ ರಾಜ್ಯದಲ್ಲೇ ಇದ್ದವು. ಭಾರತಕ್ಕೆ ಸೇರಬೇಕೆಂಬ, ಸ್ವಾಮಿ ರಮಾನಂದ ತೀರ್ಥರ ಮುಂದಾಳತನದ ಚಳವಳಿ, ಎದುರಿಗೆ ನಿಜಾಮರ ಪರ ಬಂದೂಕು ಹಿಡಿದ ಖಾಸಿಂ ರಜ್ವಿಯ ರಜಾಕಾರರು. ನೂರಾರು ಹುಡುಗರು ಊರು ಬಿಟ್ಟು ಗಡಿ ದಾಟಿ ಮುಂಬೈ ಪ್ರಾಂತದ ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಶಿಬಿರ ಹೂಡಿದರು. ಅಲ್ಲಿಂದ ಬಂದು ಗಡಿಯ ನಾಕಾಗಳ ಮೇಲೆ ದಾಳಿ ಮಾಡುವುದು, ಮತ್ತೆ ವಾಪಸ್ ಹೋಗುವುದು. ನಿಜಾಮರ ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲು ಸಿಂದಿ ಗಿಡ ಕಡಿಯುವುದೂ ಈ ಹೋರಾಟದ ಒಂದು ಭಾಗವಾಗಿತ್ತು. ಒಂದು ಚಳಿಗಾಲ, ಒಂದು ಬೇಸಿಗೆ, ಒಂದು ಮಳೆಗಾಲ ಹೀಗೇ ಕಳೆಯಿತು. ಹಿಮ ಇರಲಿಲ್ಲ, ಒಪ್ಪುತ್ತೇನೆ. ಆದರೆ ಪಗಾರದ ಮಾತೂ ಇರಲಿಲ್ಲ, ನೂರು ಎಕರೆಯ ಮಾತೂ ಇರಲಿಲ್ಲ. ವಾಪಸ್ ಹೋಗೋಣ ಅಂದರೆ ಊರಲ್ಲಿ ಮನೆಯವರ ಮೇಲೆ ಕಣ್ಣಿಟ್ಟವರಿದ್ದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಡೆದ ಕಗ್ಗೊಲೆಯ ಸುದ್ದಿ ಬಂದ ಮೇಲಂತೂ ಮನೆಗೆ ಹೋಗುವ ಯೋಚನೆಯೂ ಉಳಿದಿರಲಾರದು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಅದರ ಬೆನ್ನಿಗೇ ನಮ್ಮ ಈ ಜಿಲ್ಲೆಗಳಲ್ಲಿ ಸಾವಿರಾರು ಸಾಮಾನ್ಯ ಮುಸ್ಲಿಮರು ಜೀವ ಕಳೆದುಕೊಂಡರು. ದಿಲ್ಲಿ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ಬರೆದಿಟ್ಟಿದೆ. ಸೆಪ್ಟೆಂಬರ್ 17ರ ಕಾರ್ಯಕ್ರಮದಲ್ಲಿ ಇದನ್ನು ಹೇಳಿದರೆ ಮೈಕ್ ಆಫ್ ಆಗುತ್ತದೆ. ಆದರೂ ಇದು ನಡೆದದ್ದೇ.

ಇನ್ನು ಸಾರ್ಜೆಂಟ್‌ನ ಕಥೆಯಲ್ಲಿ ನಾನು ಹೇಳದೆ ಬಿಟ್ಟ ಒಂದು ತುಣುಕಿದೆ. 200 ಜನ ಮುಂದೆ ಬಂದಾಗ ಒಬ್ಬ ಅಧಿಕಾರಿ, ಇವರ ಹೆಸರು ಬರೆದುಕೊಳ್ಳಲೇ ಅಂತ ಕೇಳಿದ. ಬೇಡ, ಇಂಥ ಹೊತ್ತಲ್ಲಿ ತಾವಾಗಿ ನಿಂತವರನ್ನು ಹಿಡಿದಿಡಲು ಪಟ್ಟಿ ಬೇಕಿಲ್ಲ ಎಂಬ ಉತ್ತರ ಬಂತು. ಕೇಳಲು ಬಹಳ ಚೆಂದ. ಸಮಸ್ಯೆ ಆಮೇಲಿನದು. ಸಾಮಾನ್ಯ ಸಿಪಾಯಿಗಳಿಗೆ ಅಮೆರಿಕ ಪೆನ್ಷನ್ ಕಾಯ್ದೆ ಮಾಡಿದ್ದು 1818ರಲ್ಲಿ, ತಿಂಗಳಿಗೆ 8 ಡಾಲರ್. ಅದೂ ಬಡವ ಅಂತ ತೋರಿಸಿದವನಿಗೆ. ಅಷ್ಟರಲ್ಲಿ 1800ರ ಬೆಂಕಿಯಲ್ಲಿ ಯುದ್ಧ ಇಲಾಖೆಯ ದಾಖಲೆಗಳು ಸುಟ್ಟುಹೋಗಿದ್ದವು. ಮುದುಕರು ಕೋರ್ಟಿಗೆ ಹೋಗಿ ತಾವು ಸಿಪಾಯಿಗಳಾಗಿದ್ದೆವು ಅಂತ ಪ್ರಮಾಣ ಮಾಡಬೇಕಾಯಿತು. ಮಾರ್ಟಿನ್ ತನ್ನ ಆಸ್ತಿಯ ಪಟ್ಟಿ ಕೊಟ್ಟ: ಎರಡು ಆಕಳು, ಆರು ಕುರಿ, ಒಂದು ಹಂದಿ. ಅವನು ಯುದ್ಧದ ನಂತರ ಮೇಯ್ನ್‌ನಲ್ಲಿ ಸಾಗುವಳಿ ಮಾಡಿಕೊಂಡಿದ್ದ ಜಮೀನು ತನ್ನದು ಅಂತ ಹೆನ್ರಿ ನಾಕ್ಸ್ ಹಕ್ಕು ಸಾಧಿಸಿದ್ದ. ನಾಕ್ಸ್ ಯಾರು ಅಂದರೆ, ವ್ಯಾಲಿ ಫೋರ್ಜ್‌ನಲ್ಲಿ ಇದೇ ಸೈನ್ಯದ ಫಿರಂಗಿ ದಳದ ಜನರಲ್. ಕೆಲಸ ಮುಗಿದ ಮೇಲೆ ಮುದಿ ಕುದುರೆಗಳ ಹಾಗೆ ನಮ್ಮನ್ನು ಅಟ್ಟಿಬಿಟ್ಟರು, ಮೇಯಲು ಹುಲ್ಲುಗಾವಲನ್ನೂ ಕೊಡಲಿಲ್ಲ ಅನ್ನುವ ಅರ್ಥದಲ್ಲಿ ಮಾರ್ಟಿನ್ ಬರೆದದ್ದು ಸುಮ್ನೆ ಅಲ್ಲ.

ನಮ್ಮಲ್ಲೂ ಸ್ವಾತಂತ್ರ್ಯ ಹೋರಾಟಗಾರರ ಕೇಂದ್ರ ಪೆನ್ಷನ್ ಶುರುವಾದದ್ದು 1972ರಲ್ಲಿ. ಹೈದರಾಬಾದ್ ಗಡಿ ಶಿಬಿರಗಳಲ್ಲಿ ಇದ್ದವರ ಸರದಿ ಬಂದದ್ದು ಇನ್ನೂ ತಡವಾಗಿ. ಜೈಲಿಗೆ ಹೋದವರಿಗೆ ಕಾಗದ ಇತ್ತು. ಶಿಬಿರದಲ್ಲಿ ಇದ್ದವರಿಗೆ, ಭೂಗತರಾಗಿದ್ದವರಿಗೆ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ಜೊತೆಗಿದ್ದ, ಜೈಲು ಕಂಡ ಹಿರಿಯ ಹೋರಾಟಗಾರರ ಸರ್ಟಿಫಿಕೇಟ್ ತರಬೇಕಿತ್ತು. ಅಂದು ಪಕ್ಕದಲ್ಲಿ ನಿಂತವನು ಇಂದು ಬದುಕಿದ್ದರೆ, ಅವನ ವಿಳಾಸ ಸಿಕ್ಕರೆ, ಅವನಿಗೆ ನೆನಪಿದ್ದರೆ ಪೆನ್ಷನ್. ಇಲ್ಲದಿದ್ದರೆ ಇಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನದೋ ಮುತ್ತಜ್ಜನದೋ ಅಂಥ ಅರ್ಜಿಯ ನಕಲು ಇದ್ದರೆ ತೆಗೆದು ನೋಡಿ. ಮಂಜೂರಾದದ್ದೋ, ತಿರಸ್ಕಾರ ಆದದ್ದೋ, ಯಾವುದಾದರೂ ಸರಿ. ಅರ್ಜಿ ಹಾಕಿದವರ ಹೆಸರು ನಿಮಗೆ ಗೊತ್ತೇ ಇರುತ್ತದೆ. ನನಗೆ ಬೇಕಾಗಿರುವುದು ಕೆಳಗೆ ಸಾಕ್ಷಿ ಹಾಕಿದವರು ಯಾವ ಊರಿನವರು, ಯಾವ ಶಿಬಿರದಲ್ಲಿ ಜೊತೆಗಿದ್ದರು ಎಂಬ ಆ ನಾಲ್ಕು ಸಾಲು.